ಸೈಟು ಕೊಳ್ಳುವ ಮೊದಲು ಮನೆಯ ಟ್ರಂಕು ತೆಗೆಯಿರಿ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಶಿವಮೊಗ್ಗದಲ್ಲಿ ಸೈಟಿನ ಮಾತು ಜೋರಾಗುತ್ತದೆ. ದುರ್ಗಿಗುಡಿಯಲ್ಲಿ ಮದುವೆಯ ಜವಳಿ ತೆಗೆಯಲು ಬಂದವರು ಹಾಗೆಯೇ ಸವಳಂಗ ರಸ್ತೆಯ ಕಡೆಗೋ ಸೋಗಾನೆಯ ಕಡೆಗೋ ಒಂದು ಸುತ್ತು ಹಾಕಿ, ಕಲ್ಲು ನೆಟ್ಟ ಜಾಗ ನೋಡಿಕೊಂಡು ಹೋಗುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಮಗನಿಗೆ, ಮಗಳಿಗೆ ಮನೆಯಲ್ಲಿ ಕೇಳುವುದೂ ಅದೇ: "ಊರಲ್ಲೊಂದು ಸೈಟ್ ಮಾಡ್ಕೊಳ್ಳೋದಲ್ವಾ?"

ಕೇಳಿದವರ ಕಾಳಜಿ ದೊಡ್ಡದು, ಸಂದೇಹವಿಲ್ಲ. ಆದರೆ ಆ ಪ್ರಶ್ನೆಯ ಬೆನ್ನಿಗೇ ಬರುವುದು "ಎಲ್ಲಿ ತಗೊಳ್ಳಲಿ, ರೇಟ್ ಎಷ್ಟು" ಎಂಬ ಎರಡೇ ವಿಚಾರ. ಪತ್ರ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹತ್ತು ವರ್ಷ ದುಡಿದು ಕೂಡಿಟ್ಟ ಹಣವನ್ನು ಹತ್ತು ನಿಮಿಷವೂ ಓದದ ಕಾಗದದ ಮೇಲೆ ಹಾಕುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹಣ ಕೂಡುವುದಕ್ಕೆ ಮೊದಲೇ, ಒಂದು ರೂಪಾಯಿ ಸಾಲ ಮಾಡದೆ, ಈ ಓದನ್ನು ಕಲಿಯಬಹುದು. ಅದಕ್ಕೆ ಬೇಕಾದ ಪಠ್ಯಪುಸ್ತಕ ನಿಮ್ಮ ಮನೆಯಲ್ಲೇ ಇದೆ. ಅಪ್ಪನ ಬೀರುವಿನಲ್ಲಿ, ಅಜ್ಜಿಯ ಟ್ರಂಕಿನಲ್ಲಿ ಕಟ್ಟಿಟ್ಟ ನಿಮ್ಮದೇ ಮನೆಯ, ನಿಮ್ಮದೇ ತೋಟದ ಪತ್ರಗಳೇ ಅದು.

ಮೊದಲ ಪಾಠ ಸ್ವಂತ ಮನೆಯಲ್ಲಿ

ಒಂದು ಭಾನುವಾರ ಆ ಕಟ್ಟು ಬಿಚ್ಚಿ ಕೂತುಕೊಳ್ಳಿ. ಮೂರು ಪ್ರಶ್ನೆ ಇಟ್ಟುಕೊಳ್ಳಿ. ಈ ಆಸ್ತಿ ನಮ್ಮ ಮನೆಗೆ ಬಂದದ್ದು ಹೇಗೆ? ಈಗ ಯಾರ ಹೆಸರಿನಲ್ಲಿದೆ? ಇದರ ಮೇಲೆ ಯಾರಿಗಾದರೂ ಏನಾದರೂ ಕೊಡುವುದಿದೆಯೇ?

ಮೊದಲ ಪ್ರಶ್ನೆಗೆ ಉತ್ತರ ಕ್ರಯಪತ್ರದಲ್ಲೋ ವಿಭಾಗಪತ್ರದಲ್ಲೋ ದಾನಪತ್ರದಲ್ಲೋ ಹಕ್ಕುಪತ್ರದಲ್ಲೋ ಇರುತ್ತದೆ. ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲು ಇರುತ್ತದಲ್ಲ, ಅದನ್ನು ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂಬ ಚೆಕ್ಕುಬಂದಿ ಅಲ್ಲಿದೆ. ಪತ್ರ ಕೈಯಲ್ಲಿ ಹಿಡಿದು ಹೊರಗೆ ಬಂದು, ಟೇಪು ಹಿಡಿದು ಅಳೆಯಿರಿ. ಪತ್ರದಲ್ಲಿರುವ ಅಡಿಗೂ ನೆಲದ ಮೇಲಿನ ಅಡಿಗೂ ವ್ಯತ್ಯಾಸ ಕಂಡರೆ ಅಚ್ಚರಿಪಡಬೇಡಿ. ಹಳೆಯ ಪೇಟೆಯ ಮನೆಗಳಲ್ಲಿ ಇದು ಸಾಮಾನ್ಯ. ದುರ್ಗಿಗುಡಿಯಂಥ ಕಡೆ ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಬಾಡಿಗೆ ಕೋಣೆ ಎಂದು ಒಂದೇ ಜಾಗ ತಲೆಮಾರುಗಳಲ್ಲಿ ಹಲವು ರೂಪ ತಾಳಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಪತ್ರ ಮಾತ್ರ ಹಾಗೇ ಬಿಟ್ಟಿರುವುದು ಉಂಟು.

ಎರಡನೆಯ ಪ್ರಶ್ನೆಗೆ ಖಾತೆ ನೋಡಬೇಕು. ನಗರದಲ್ಲಾದರೆ ಮಹಾನಗರ ಪಾಲಿಕೆ, ಭದ್ರಾವತಿಯಲ್ಲಾದರೆ ನಗರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ಜಮೀನಾದರೆ ಪಹಣಿ. ಖಾತೆ ಎಂದರೆ ಕಂದಾಯ ಕಟ್ಟುವವರ ಲೆಕ್ಕ, ಅದೊಂದೇ ಒಡೆತನದ ಪುರಾವೆಯಲ್ಲ. ಇಷ್ಟು ಗೊತ್ತಿಲ್ಲದೆ "ಖಾತೆ ಇದೆ ಸಾರ್, ಎಲ್ಲ ಕ್ಲಿಯರ್" ಎಂಬ ಮಾತಿಗೆ ಮರುಳಾದವರು ಬಹಳ. ಆದರೂ ಖಾತೆ ಬೇಕೇ ಬೇಕು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ಸೈಟು, ಮನೆಗಳ ನೋಂದಣಿಯಾಗುವುದಿಲ್ಲ. ನಗರಗಳಲ್ಲಿ ಅದು ಇ-ಆಸ್ತಿ ತಂತ್ರಾಂಶದಲ್ಲಿ, ಪಂಚಾಯಿತಿಗಳಲ್ಲಿ ಇ-ಸ್ವತ್ತು ತಂತ್ರಾಂಶದಲ್ಲಿ ಆಗುತ್ತದೆ.

ಮೂರನೆಯದಕ್ಕೆ ಇಸಿ, ಅಂದರೆ ಋಣಭಾರ ಪತ್ರ. ಕಾವೇರಿ 2.0 ಜಾಲತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆದು, ಸಣ್ಣ ಶುಲ್ಕ ಕಟ್ಟಿದರೆ ಮನೆಯಲ್ಲೇ ಕೂತು ಪಡೆಯಬಹುದು. ವ್ಯವಹಾರಗಳು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಗಣಕದಲ್ಲಿ ಸಿಗುವುದು 2004ರ ಏಪ್ರಿಲ್ ನಂತರದ್ದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕು. ಹದಿಮೂರು ವರ್ಷದ ಇಸಿ ಸಾಕು ಎನ್ನುವವರಿದ್ದಾರೆ. ಮೂವತ್ತು ವರ್ಷದ್ದು ತೆಗೆಸುವುದು ಕ್ಷೇಮ.

ಇಸಿ ಹೇಳದ ಸಂಗತಿಗಳೂ ಇವೆ. ನೋಂದಾಯಿಸದ ವಿಲ್ಲು, ಬಾಯಿಮಾತಿನ ಪಾಲು, ಬಿಳಿ ಹಾಳೆಯ ಅಗ್ರಿಮೆಂಟು, ನಡೆಯುತ್ತಿರುವ ಕೋರ್ಟ್ ದಾವೆ ಯಾವುವೂ ಅದರಲ್ಲಿ ಕಾಣದೆ ಹೋಗಬಹುದು. ದಾವೆಗಾಗಿ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ನೋಡಬೇಕು. ಪತ್ರ ಅಡವಿಟ್ಟು ತೆಗೆದ ಬ್ಯಾಂಕ್ ಸಾಲಕ್ಕೆ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲಿ ಹುಡುಕಬಹುದು.

ಈ ಅಭ್ಯಾಸ ಮಾಡಿದ ಹತ್ತು ಮನೆಗಳಲ್ಲಿ ಕೆಲವಕ್ಕಾದರೂ ಒಂದು ಸತ್ಯ ಕಾಣುತ್ತದೆ. ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇದೆ! ಹಾಗಿದ್ದರೆ ಹೊಸ ಸೈಟಿನ ಯೋಚನೆ ಬದಿಗಿಟ್ಟು ಮೊದಲು ಪೌತಿ ಖಾತೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಸೇರಿಸಿ ಅರ್ಜಿ ಕೊಡುವ ಕೆಲಸ ಅದು. ನನ್ನ ಮಟ್ಟಿಗೆ ಹೊಸಬರ ಮೊದಲ ಆಸ್ತಿ ಹೂಡಿಕೆ ಇದೇ. ಪತ್ರ ಸರಿಯಿಲ್ಲದ ಮನೆಗೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಒಳ್ಳೆಯ ಬೆಲೆಯೂ ಬರುವುದಿಲ್ಲ. ಕೆಲವು ಸಾವಿರ ರೂಪಾಯಿಯ ಓಡಾಟದಿಂದ ಇರುವ ಆಸ್ತಿಯ ಮೌಲ್ಯ ಏರುವಷ್ಟು ಯಾವ ಹೊಸ ಬಡಾವಣೆಯ ಸೈಟೂ ಏರಿಸಿಕೊಡದು.

ವಂಶವೃಕ್ಷ ಬರೆಯುವಾಗ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಬಂತು. ತಂದೆ ಆ ದಿನ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರಗಳಿಗೆ ರಕ್ಷಣೆ ಇದೆ. ನಾಳೆ ನೀವು ಬೇರೆಯವರಿಂದ ಕೊಳ್ಳುವಾಗಲೂ ಇದನ್ನೇ ನೋಡಬೇಕು. ಅಣ್ಣತಮ್ಮಂದಿರೆಲ್ಲ ಸಹಿ ಹಾಕಿ, ತೀರ್ಥಹಳ್ಳಿಗೋ ಹೊಸನಗರಕ್ಕೋ ಕೊಟ್ಟ ಅಕ್ಕನ ಸಹಿ ಇಲ್ಲದಿದ್ದರೆ ಆ ಕ್ರಯಪತ್ರದಲ್ಲಿ ಒಂದು ದಾವೆ ಆಗಲೇ ಅಡಗಿದೆ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕಾದೀತು. ಅಲ್ಲಿ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ.

ಸೈಟು ಎಂದರೆ ಎಲ್ಲ ಸೈಟೂ ಒಂದೇ ಅಲ್ಲ

ಈಗ ಹೊರಗೆ ಹೊರಡೋಣ. ಶಿವಮೊಗ್ಗದಿಂದ ಭದ್ರಾವತಿಯ ತನಕ ಬಿ.ಎಚ್. ರಸ್ತೆಯಲ್ಲಿ ಸಾಗಿದರೆ ಎರಡೂ ಬದಿಗೆ ಬಡಾವಣೆಗಳ ಕಮಾನು, ಬೋರ್ಡು. ಎರಡೂ ಊರುಗಳ ಬೆಳವಣಿಗೆಗೆ ಒಂದೇ ಪ್ರಾಧಿಕಾರ: ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಸೂಡಾ. ಒಂದು ಸೈಟು ನೋಡಿದ ಕೂಡಲೇ ಕೇಳಬೇಕಾದದ್ದು ಅದು ಯಾವ ಜಾತಿಯದು ಎಂದು.

ಸೂಡಾ ಅಥವಾ ಗೃಹಮಂಡಳಿ ತಾನೇ ಮಾಡಿ ಹಂಚಿದ ಸೈಟು ಪತ್ರದ ದೃಷ್ಟಿಯಿಂದ ಸಲೀಸು. ಅರ್ಜಿ ಕರೆದಾಗ ಹಾಕುವುದು, ಹರಾಜಿಗಿಟ್ಟ ಮೂಲೆ ನಿವೇಶನಕ್ಕೆ ಕೂಗುವುದು ಎರಡೂ ದಾರಿ ಇವೆ. ಹಂಚಿಕೆಯಲ್ಲಿ ಸಿಕ್ಕಿದ್ದಕ್ಕೆ ಮನೆ ಕಟ್ಟುವ, ಇಂತಿಷ್ಟು ಕಾಲ ಮಾರದಿರುವ ಷರತ್ತು ಇರುತ್ತದೆ. ಹಂಚಿಕೆದಾರರಿಂದ ಕೊಳ್ಳುವವರು ಆ ಷರತ್ತಿನ ಅವಧಿ ಮುಗಿದಿದೆಯೇ, ಪ್ರಾಧಿಕಾರ ಅವರಿಗೆ ಶುದ್ಧ ಕ್ರಯಪತ್ರ ಮಾಡಿಕೊಟ್ಟಿದೆಯೇ ಎಂದು ನೋಡಲೇಬೇಕು.

ಎರಡನೆಯದು ಖಾಸಗಿಯವರು ಮಾಡಿದ, ಸೂಡಾ ಅನುಮೋದಿಸಿದ ಬಡಾವಣೆ. ಇಲ್ಲಿ ಸರಪಳಿ ಹೀಗಿದೆ: ಕೃಷಿ ಜಮೀನು, ಅದಕ್ಕೆ ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶ, ಸೂಡಾ ಅನುಮೋದಿಸಿದ ಬಡಾವಣೆ ನಕ್ಷೆ, ರಸ್ತೆ ಚರಂಡಿ ನೀರು ವಿದ್ಯುತ್ ಆದ ಹಾಗೆ ಹಂತ ಹಂತವಾಗಿ ನಿವೇಶನ ಬಿಡುಗಡೆ, ಆಮೇಲೆ ಖಾತೆ. ಮಾರುವವರು "ಸೂಡಾ ಅಪ್ರೂವ್ಡ್" ಎಂದರೆ ನಕ್ಷೆಯ ಪ್ರತಿ ಕೇಳಿ. ನಿಮ್ಮ ಸೈಟಿನ ನಂಬರ್ ಬಿಡುಗಡೆ ಪಟ್ಟಿಯಲ್ಲಿದೆಯೇ ಎಂದು ಪ್ರಾಧಿಕಾರದ ಕಚೇರಿಗೇ ಹೋಗಿ ವಿಚಾರಿಸಿ. ನಕ್ಷೆಯಲ್ಲಿ ಉದ್ಯಾನ ಎಂದು ಹಸಿರು ಬಳಿದ ಜಾಗದಲ್ಲೇ ಸೈಟು ಕತ್ತರಿಸಿ ಮಾರಿದ ಪ್ರಕರಣಗಳು ರಾಜ್ಯದ ಹಲವು ಊರುಗಳಲ್ಲಿ ಇವೆ. ಪರಿವರ್ತನೆ ಆದೇಶ ಒಂದೇ ಇದ್ದು ಬಡಾವಣೆ ನಕ್ಷೆ ಇಲ್ಲದಿದ್ದರೆ ಸರಪಳಿ ಅರ್ಧಕ್ಕೇ ತುಂಡಾಗಿದೆ ಎಂದು ತಿಳಿಯಿರಿ.

500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಸೈಟು, ಮನೆಗಳಿರುವ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಅಂದರೆ ರೇರಾದಲ್ಲಿ ನೋಂದಣಿಯಾಗಬೇಕು. ಕರ್ನಾಟಕ ರೇರಾ ತಾಣದಲ್ಲಿ ಜಿಲ್ಲೆ ಆರಿಸಿದರೆ ಯೋಜನೆಗಳ ಪಟ್ಟಿ, ಮಾಲೀಕರ ಪತ್ರ, ವಕೀಲರ ಅಭಿಪ್ರಾಯ, ಮುಗಿಸಬೇಕಾದ ದಿನಾಂಕ ಎಲ್ಲ ತೆರೆದಿರುತ್ತವೆ. ಕೊಳ್ಳದಿದ್ದರೂ ಒಂದೆರಡು ಯೋಜನೆಗಳನ್ನು ತೆರೆದು ಓದಿ. ಪತ್ರ ಹೇಗಿರಬೇಕು ಎಂಬ ಅಂದಾಜು ಅಲ್ಲಿ ಪುಕ್ಕಟೆ ಸಿಗುತ್ತದೆ. ಇಂಥ ಯೋಜನೆಯಲ್ಲಿ ನೋಂದಾಯಿತ ಒಪ್ಪಂದಕ್ಕೆ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕೊಂಡವರಿಂದ ಬಂದ ಹಣದ ಶೇ 70ನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಆ ಯೋಜನೆಗೆಂದೇ ಇಡಬೇಕು. ಬ್ರೋಕರ್‌ಗೂ ರೇರಾದಲ್ಲಿ ನೋಂದಣಿ ಬೇಕು.

ಮೂರನೆಯದು ಪಂಚಾಯಿತಿ ಸೈಟು. ಗ್ರಾಮಠಾಣಾದೊಳಗಿನ ಹಳೆಯ ಮನೆ ಜಾಗಗಳಿಗೆ ಮತ್ತು ಸಕ್ರಮವಾದ ಬಡಾವಣೆಗಳಿಗೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬರುತ್ತವೆ. 11ಬಿ ಬಂದಿದ್ದರೆ ಆಸ್ತಿ ಲೆಕ್ಕಕ್ಕೆ ಸೇರಿದೆ, ಆದರೆ ಬಡಾವಣೆ ಅಧಿಕೃತವಲ್ಲ ಎಂದು ಅರ್ಥ. ನಗರದ ಬಿ-ಖಾತೆಯೂ ಇಂಥದ್ದೇ. 2025ರ ಫೆಬ್ರುವರಿಯಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತೆ ಕೊಡುವ ಅಭಿಯಾನ ಶುರುವಾದಾಗ "ಇನ್ನು ಎಲ್ಲ ಸಕ್ರಮವಾಯಿತು" ಎಂದು ಮಾರುವವರು ಹೇಳತೊಡಗಿದರು. ಆಗಲೇ ಮನೆ ಕಟ್ಟಿಕೊಂಡು ಕೂತ ಬಡ ಕುಟುಂಬಕ್ಕೆ ಬಿ-ಖಾತೆ ನಿಜವಾದ ಆಸರೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹೊಸದಾಗಿ ಹಣ ಹೂಡುವವರು, ಅದೂ ಮೊದಲ ಸಲ ಹೂಡುವವರು, ಕಡಿಮೆ ಬೆಲೆಗೆಂದು ಅಲ್ಲಿಗೆ ಹೋಗಬಾರದು. ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ, ಮುಂದೆ ಮಾರುವುದು ಮೂರೂ ಕಡೆ ತೊಡಕು ಕಾದಿರುತ್ತದೆ.

ಈ ಜಿಲ್ಲೆಯ ಮಣ್ಣಿಗೆ ನೆನಪು ಹೆಚ್ಚು

ಗೋಪಾಲಗೌಡ ಬಡಾವಣೆಯಲ್ಲಿ ಸೈಟು ಹುಡುಕುವ ಇಂದಿನ ಹುಡುಗರಿಗೆ ಆ ಹೆಸರಿನ ಹಿಂದಿನ ಕಥೆ ಗೊತ್ತಿದ್ದರೆ ಪತ್ರ ಓದುವುದೂ ಸುಲಭವಾಗುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರ ಬೆನ್ನಿಗೆ ನಿಂತ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು. ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಫಲವೆಂಬಂತೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂ ಸುಧಾರಣೆಯ ತಿದ್ದುಪಡಿ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿ ವಿಚಾರಿಸಿತು, ಗೆದ್ದವರಿಗೆ ನಮೂನೆ 10ರಲ್ಲಿ ಅಧಿಭೋಗದ ಹಕ್ಕು ಸಿಕ್ಕಿತು. ಹೀಗೆ ಬಂದ ಜಮೀನನ್ನು ಹದಿನೈದು ವರ್ಷ ಮಾರುವಂತಿರಲಿಲ್ಲ.

ಶಿವಮೊಗ್ಗ ಸುತ್ತಲಿನ ಎಷ್ಟೋ ಬಡಾವಣೆಗಳ ಬುಡದಲ್ಲಿ ಇಂಥ ಗೇಣಿ ಜಮೀನಿದೆ. ನಿಮ್ಮ ಸೈಟಿನ ಮೂಲಪತ್ರ ಹಿಂದಕ್ಕೆ ಹಿಂದಕ್ಕೆ ಹೋಗಿ ನಮೂನೆ 10ಕ್ಕೆ ತಲುಪಿದರೆ, ನ್ಯಾಯಮಂಡಳಿಯ ಆದೇಶದ ಪ್ರತಿ, ಹದಿನೈದು ವರ್ಷದ ಲೆಕ್ಕ, ಆ ಗೇಣಿದಾರರ ಮಕ್ಕಳೆಲ್ಲರ ಸಹಿ ಮೂರನ್ನೂ ನೋಡಿ. ನ್ಯಾಯಮಂಡಳಿಯ ಆದೇಶದ ಮೇಲೆ ಹೈಕೋರ್ಟಿಗೆ ಹೋದವರು, ಮತ್ತೆ ವಿಚಾರಣೆಗೆ ಮರಳಿದ ಕಡತಗಳು ಮಲೆನಾಡಿನಲ್ಲಿ ಕಡಿಮೆಯಿಲ್ಲ.

ಇದಕ್ಕಿಂತ ಗಂಭೀರವಾದದ್ದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೆ ಕ್ರಯ ಅಸಿಂಧು, ಭೂಮಿ ಮೂಲ ಮಂಜೂರಾತಿದಾರರ ಮನೆಗೆ ಮರಳುತ್ತದೆ. ಕೇಳಲು ತಡವಾಯಿತು ಎಂಬ ವಾದಕ್ಕೆ ಎಡೆಯಿಲ್ಲದಂತೆ 2023ರಲ್ಲಿ ಕಾಯ್ದೆ ತಿದ್ದಲಾಗಿದೆ. ಇದು ನ್ಯಾಯವಾದ ಕಾನೂನು. ಭೂಮಿ ಇಲ್ಲದವರಿಗೆ ಕೊಟ್ಟ ತುಂಡು ನೆಲ ಪುಡಿಗಾಸಿಗೆ ಕೈತಪ್ಪಬಾರದು ಎಂಬುದೇ ಅದರ ಉದ್ದೇಶ. ಅಂಥ ಜಮೀನಿನ ಮೇಲಿನ ಸೈಟಿನಲ್ಲಿ ಲಾಭ ಹುಡುಕಬೇಡಿ.

ಶರಾವತಿ ಮುಳುಗಡೆಯವರ ಭೂಮಿ ಇನ್ನೊಂದು ನೋವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಊರುಗಳು ನೀರಿನಡಿ ಹೋದಾಗ ಎಬ್ಬಿಸಿದ ಕುಟುಂಬಗಳನ್ನು ಜಿಲ್ಲೆಯ ನಾನಾ ಕಡೆ ಕೂರಿಸಿದರು. ಆರು ದಶಕ ಉತ್ತಿ ಬಿತ್ತಿದರೂ ಹಲವರ ಪಹಣಿಯಲ್ಲಿ ಅರಣ್ಯ ಎಂದೇ ಇದೆ. ಬಗರ್‌ಹುಕುಂ ಸಾಗುವಳಿಯ ಕಥೆಯೂ ಹತ್ತಿರ ಹತ್ತಿರ ಅದೇ. ಅವರ ಸ್ವಾಧೀನ ಸುಳ್ಳಲ್ಲ, ದುಡಿಮೆಯೂ ಸುಳ್ಳಲ್ಲ. ಆದರೆ ಹಕ್ಕುಪತ್ರ ಬರುವ ತನಕ ಅದನ್ನು ಯಾರೂ ನಿಮಗೆ ಮಾರಲಾರರು. "ಕೈಬದಲು ಪತ್ರ ಮಾಡ್ಕೊಡ್ತೀವಿ, ಜಿಪಿಎ ಕೊಡ್ತೀವಿ" ಎಂದರೆ ಕೈಮುಗಿದು ಎದ್ದು ಬನ್ನಿ. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ತೋಟ, ಗದ್ದೆ ಕೊಳ್ಳುವ ಆಸೆಯವರಿಗೆ ಒಂದು ಮಾತು. ಭೂ ಸುಧಾರಣೆ ಕಾಯ್ದೆಯ 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು, 11ರಲ್ಲಿ ಸಾಲ ಮತ್ತು ಇತರರ ಹಕ್ಕು. ಸೊಸೈಟಿ ಸಾಲ, ಬೆಳೆ ಸಾಲ ಕಾಣುವುದು ಅಲ್ಲೇ.

ಮಳೆಗಾಲದಲ್ಲಿ ಹೋಗಿ ನೋಡಿ

ಪತ್ರ ಸರಿಯಿದ್ದರೂ ನೆಲ ನೋಡದೆ ಮುಂಗಡ ಕೊಡಬೇಡಿ. ಮೊಬೈಲ್‌ನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಅದು ಯಾವ ಸರ್ವೆ ನಂಬರ್ ಎಂದು ತೋರಿಸುತ್ತದೆ. ಮಾರುವವರು ಹೇಳಿದ ನಂಬರಿಗೂ ಇದಕ್ಕೂ ತಾಳೆ ನೋಡಿ. ಕೆರೆ, ಹಳ್ಳ, ಸರ್ಕಾರಿ ಜಾಗದ ಗುರುತೂ ಸಿಗುತ್ತದೆ. ಇದು ಮೊದಲ ಜರಡಿ ಮಾತ್ರ, ಗಡಿ ಖಚಿತ ಮಾಡಲು ಸರ್ವೆ ಇಲಾಖೆಯ ಹದ್ದುಬಸ್ತೇ ಬೇಕು.

ಬೇಸಿಗೆಯಲ್ಲಿ ಚಂದ ಕಾಣುವ ಬಡಾವಣೆಗೆ ಜುಲೈ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಹೋಗಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಶಿವಮೊಗ್ಗದ ತಗ್ಗಿನ ಬಡಾವಣೆಗಳ ಮನೆಯೊಳಗೆ ನೀರು ನುಗ್ಗಿತ್ತು. ಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಭದ್ರಾವತಿಯ ಹೊಳೆದಂಡೆಯ ಮನೆಗಳಿಗೂ ಅದೇ ಗತಿ. ಅಕ್ಕಪಕ್ಕದ ಹಿರಿಯರನ್ನು ಕೇಳಿ, ಗೋಡೆಯ ಮೇಲೆ ನೀರು ನಿಂತ ಗುರುತು ತೋರಿಸುತ್ತಾರೆ. ಮೊದಲು ಗದ್ದೆಯಾಗಿದ್ದ ಜಾಗಕ್ಕೆ ಮಣ್ಣು ತುಂಬಿದ್ದರೆ ಅಡಿಪಾಯದ ಖರ್ಚು ಏರುತ್ತದೆ.

ಸುತ್ತ ಏನಿದೆ ಎಂಬುದೂ ಅಷ್ಟೇ ಮುಖ್ಯ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ಸಿಡಿದು ಪ್ರಾಣಹಾನಿಯಾದಾಗ ಅದರ ಕಂಪನ ನಗರದ ಮನೆಗಳಿಗೂ ತಟ್ಟಿತ್ತು. ಅಗ್ಗದ ಸೈಟಿನ ಹಿಂದೆ ಕಲ್ಲುಕ್ವಾರಿಯೋ ಕಸದ ಗುಡ್ಡೆಯೋ ಹೈಟೆನ್ಷನ್ ತಂತಿಯೋ ಇದೆಯೇ ನೋಡಿ.

ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಅದರ ಹೆಸರಿನಲ್ಲಿ ಸೈಟು ಮಾರುವ ಜಾಹೀರಾತು ಶುರುವಾಗಿದ್ದು ಅದಕ್ಕೂ ಬಹಳ ಮೊದಲು. ವಿಮಾನ ಬಂದ ಮಾತ್ರಕ್ಕೆ ಸುತ್ತಲ ಹೊಲದಲ್ಲಿ ಬಾಡಿಗೆದಾರರು ಹುಟ್ಟುವುದಿಲ್ಲ. ಜನ ವಾಸಕ್ಕೆ ಬರುವುದು ಕೆಲಸ, ಶಾಲೆ, ಆಸ್ಪತ್ರೆ, ನೀರು ಇರುವಲ್ಲಿಗೆ. ಈ ಪಾಠವನ್ನು ಭದ್ರಾವತಿ ಬಹಳ ಕಷ್ಟಪಟ್ಟು ಕಲಿತಿದೆ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದ ಮೇಲೆ ಆ ಊರು ಬೆಳೆದ ಬಗೆ ಎಲ್ಲರಿಗೂ ಗೊತ್ತು. ಆಮೇಲೆ ಎಂಪಿಎಂ ಎಂಬ ಆ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. ವಿಐಎಸ್ಎಲ್ ಎಂದು ಹೆಸರಾದ ಆ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಅದರ ಒಡೆತನದ ಸೈಲ್ 2023ರ ಜನವರಿಯಲ್ಲಿ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದರು. ಕೆಲವು ತಿಂಗಳ ಬಳಿಕ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಒಂದು ಊರಿನ ಬಾಡಿಗೆ ಒಂದೇ ಕಾರ್ಖಾನೆಯ ಸಂಬಳದ ಮೇಲೆ ನಿಂತಿದ್ದರೆ ಏನಾಗುತ್ತದೆ ಎಂದು ಅಲ್ಲಿನ ಮನೆ ಮಾಲೀಕರನ್ನು ಕೇಳಿ ತಿಳಿಯಬಹುದು. ಎರಡು ಊರ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ಹೂಡುವವರಿಗೂ ಇದೇ ಪ್ರಶ್ನೆ: ಇಲ್ಲಿ ಬಾಡಿಗೆಗೆ ಬರುವವರು ಯಾರು, ಅವರ ಕೆಲಸ ಎಷ್ಟು ಗಟ್ಟಿ?

ಲೆಕ್ಕ

ಒಂದು ಉದಾಹರಣೆ ಹಾಕೋಣ. ಮೂವತ್ತು ನಲವತ್ತರ ಸೈಟು, 1,200 ಚದರ ಅಡಿ, ಬೆಲೆ 24 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ 1,82,400 ರೂಪಾಯಿ. ನೀವು ಕೊಟ್ಟ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಈ ಲೆಕ್ಕ. ಬ್ರೋಕರ್ ಕಮಿಷನ್, ವಕೀಲರ ಫೀಸು ಬೇರೆ.

ಕಮಿಷನ್, ಫೀಸು ಬಿಟ್ಟರೂ ಕೈಯಿಂದ ಹೋದದ್ದು ಹತ್ತಿರ ಹತ್ತಿರ 25.8 ಲಕ್ಷ. ಅದನ್ನು ಶೇ 7ರ ಬಡ್ಡಿಗೆ ಇಟ್ಟಿದ್ದರೆ ಹತ್ತು ವರ್ಷಕ್ಕೆ ಸುಮಾರು 51 ಲಕ್ಷ ಆಗುತ್ತಿತ್ತು. ಹತ್ತು ವರ್ಷದಲ್ಲಿ ಸೈಟಿನ ಬೆಲೆ ಎರಡರಷ್ಟಕ್ಕಿಂತ ಹೆಚ್ಚಾದರೆ ಮಾತ್ರ ನೀವು ಬ್ಯಾಂಕ್ ಠೇವಣಿಯನ್ನು ಮೀರಿಸಿದಂತೆ. ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಕಂದಾಯ ಮಾತ್ರ ಕೇಳುತ್ತದೆ. ಸಾಲ ಮಾಡಿ ಕೊಂಡರೆ ಭಾರ ಇನ್ನೂ ಜಾಸ್ತಿ: 15 ಲಕ್ಷಕ್ಕೆ ಶೇ 8.5ರಂತೆ ಹದಿನೈದು ವರ್ಷ ತಿಂಗಳಿಗೆ ಸುಮಾರು 14,770 ರೂಪಾಯಿ ಕಂತು, ಕಟ್ಟಿ ಮುಗಿಸುವಾಗ ಬಡ್ಡಿಯೇ ಹನ್ನೊಂದೂವರೆ ಲಕ್ಷ ದಾಟಿರುತ್ತದೆ. ಸಾಲ ಮಾಡುವುದೇ ಆದರೆ ವಾಸದ ಮನೆಗೆ ಮಾಡಿ, ಬೆಲೆ ಏರೀತೆಂಬ ಖಾಲಿ ಸೈಟಿಗೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾಸದ ಮನೆಗೆ 30 ಲಕ್ಷದೊಳಗಿನ ಸಾಲವಾದರೆ ಬ್ಯಾಂಕುಗಳು ಬೆಲೆಯ ಶೇ 90ರ ತನಕ ಕೊಡಬಹುದು. ನೋಂದಣಿ ಖರ್ಚನ್ನು ಸಾಮಾನ್ಯವಾಗಿ ನೀವೇ ಹೊಂದಿಸಬೇಕು.

ಬಾಡಿಗೆ ಮನೆಯ ಲೆಕ್ಕವೂ ಸರಳ. 60 ಲಕ್ಷದ ಮನೆಗೆ ತಿಂಗಳಿಗೆ 12,000 ಬಂದರೆ ವರ್ಷಕ್ಕೆ 1.44 ಲಕ್ಷ, ಅಂದರೆ ಶೇ 2.4. ಬಣ್ಣ, ರಿಪೇರಿ, ಖಾಲಿ ಬಿದ್ದ ತಿಂಗಳು ಇದರಲ್ಲೇ ಹೋಗಬೇಕು. ದುರ್ಗಿಗುಡಿ, ನೆಹರು ರಸ್ತೆಯ ಅಂಗಡಿ ಮಳಿಗೆಗಳ ಬಾಡಿಗೆ ಮನೆಗಿಂತ ಹೆಚ್ಚು ಹುಟ್ಟುತ್ತದೆ, ನಿಜ. ಆದರೆ ಅಲ್ಲಿ ಜಾಗದ ಬೆಲೆ ಹೊಸಬರ ಕೈಗೆ ಎಟುಕುವಂಥದ್ದಲ್ಲ, ಕೂತ ಬಾಡಿಗೆದಾರರನ್ನು ಎಬ್ಬಿಸುವುದೂ ಸುಲಭವಲ್ಲ.

ಐದು ಹತ್ತು ಸಾವಿರ ಮಾತ್ರ ಕೈಯಲ್ಲಿರುವವರಿಗೂ ಆಸ್ತಿಯ ಆದಾಯ ಹೇಗೆ ಹುಟ್ಟುತ್ತದೆ ಎಂದು ಕಲಿಯಲು ಒಂದು ದಾರಿಯಿದೆ, ರೀಟ್. ದೊಡ್ಡ ಕಚೇರಿ ಕಟ್ಟಡಗಳ ಒಡೆತನವನ್ನು ಯೂನಿಟ್‌ಗಳಾಗಿ ಮಾಡಿ ಷೇರು ಪೇಟೆಯಲ್ಲಿ ಮಾರುತ್ತಾರೆ. ದೇಶದ ಮೊದಲನೆಯದು ಬೆಂಗಳೂರಿನ ಎಂಬೆಸಿ, 2019ರ ಏಪ್ರಿಲ್‌ನಲ್ಲಿ ಪಟ್ಟಿಯಾಯಿತು. ಒಂದು ಯೂನಿಟ್ ಕೂಡ ಕೊಳ್ಳಬಹುದು. ಹಂಚಬಹುದಾದ ನಗದಿನ ಶೇ 90ನ್ನಾದರೂ ಯೂನಿಟ್ ಹೊಂದಿದವರಿಗೆ ಹಂಚಬೇಕು ಎಂದು ಸೆಬಿ ನಿಯಮ. ಬೆಲೆ ಇಳಿಯುವುದೂ ಉಂಟು. ಆದರೆ ಅದರ ವರದಿ ಓದುತ್ತಾ ಹೋದರೆ ಖಾಲಿ ಬಿದ್ದ ಜಾಗ, ಬಾಡಿಗೆ ಏರಿಕೆ, ಸಾಲದ ಬಡ್ಡಿ ಇವೆಲ್ಲ ಲಾಭವನ್ನು ಹೇಗೆ ತಿನ್ನುತ್ತವೆ ಎಂದು ಕಣ್ಣಿಗೆ ಕಟ್ಟುತ್ತದೆ.

ಮುಂಗಡದಿಂದ ಖಾತೆಯ ತನಕ

"ಇವತ್ತು ಟೋಕನ್ ಹಾಕಿ ಸಾರ್, ನಾಳೆ ರೇಟ್ ಬೇರೆ" ಎಂಬ ಮಾತು ಕೇಳಿಸಿದರೆ ಅವತ್ತು ಹಾಕಲೇಬೇಡಿ. ಎಲ್ಲ ಪತ್ರಗಳ ಜೆರಾಕ್ಸ್ ತೆಗೆದುಕೊಂಡು, ನೀವೇ ಆರಿಸಿದ, ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಗೆ ಕೊಟ್ಟು ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಆಮೇಲೆ ಅಗ್ರಿಮೆಂಟು. ಅದರಲ್ಲಿ ಪೂರ್ತಿ ಬೆಲೆ, ಎಷ್ಟು ದಿನದೊಳಗೆ ಕ್ರಯ, ಪತ್ರದಲ್ಲಿ ದೋಷ ಕಂಡರೆ ಮುಂಗಡ ವಾಪಸು ಎಂಬ ಷರತ್ತು ಇರಲಿ. ಕೊಳ್ಳುವ ಮುನ್ನ ಸ್ಥಳೀಯ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿದರೆ ತಕರಾರು ಇರುವವರು ಮೊದಲೇ ಮುಂದೆ ಬರುತ್ತಾರೆ. ಖರ್ಚು ಸಣ್ಣದು, ಉಪಕಾರ ದೊಡ್ಡದು.

ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅರ್ಧ ಬಿಳಿ, ಅರ್ಧ ಕಪ್ಪು ಎಂಬ ರೂಢಿಗೆ ಒಪ್ಪಿಕೊಂಡರೆ ನಾಳೆ ನೀವು ಮಾರುವಾಗ ಕೊಂಡ ಬೆಲೆ ಕಾಗದದಲ್ಲಿ ಕಡಿಮೆ ಇರುವುದರಿಂದ ತೆರಿಗೆಯೂ ನಿಮ್ಮ ಮೇಲೇ ಹೆಚ್ಚು ಬೀಳುತ್ತದೆ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಅದು ದೀರ್ಘಾವಧಿ ಲಾಭ, 2024ರ ಜುಲೈ 23ರಿಂದ ಅದರ ಮೇಲೆ ಶೇ 12.5 ತೆರಿಗೆ.

ಶಿವಮೊಗ್ಗ ಜಿಲ್ಲೆಯ ಯಾವುದೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಿಲ್ಲೆಯೊಳಗಿನ ಆಸ್ತಿ ನೋಂದಾಯಿಸಬಹುದು. 2024ರ ಸೆಪ್ಟೆಂಬರ್‌ನಿಂದ ಈ ಅನುಕೂಲವಿದೆ. ಕರಡು ಪತ್ರವನ್ನು ಪತ್ರ ಬರಹಗಾರರ ಮೇಲೇ ಬಿಡದೆ ಹೆಸರು, ಇನಿಷಿಯಲ್, ಸರ್ವೆ ನಂಬರ್, ಅಳತೆ, ಚೆಕ್ಕುಬಂದಿ ಒಂದೊಂದನ್ನೂ ಗಟ್ಟಿಯಾಗಿ ಓದಿ ನೋಡಿ. ಒಂದಂಕಿ ತಪ್ಪಿದರೂ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನು ಮತ್ತೆ ಕರೆತರಬೇಕಾಗುತ್ತದೆ. ಮೂಲ ಪತ್ರಗಳನ್ನು ಅಂದೇ ಕೈಗೆ ತೆಗೆದುಕೊಳ್ಳಿ.

ನೋಂದಣಿಯಾದ ವಾರದಲ್ಲೇ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಅಳತೆ ಮಾಡಿಸಿ ನಾಲ್ಕು ಮೂಲೆಗೂ ಕಲ್ಲು ನೆಟ್ಟು, ತಂತಿಬೇಲಿ ಹಾಕಿ, ಹೆಸರಿನ ಬೋರ್ಡು ನಿಲ್ಲಿಸಿ. ದೂರದಲ್ಲಿರುವವರು ಮಳೆಗಾಲ ಮುಗಿದ ಮೇಲೆ ಗಿಡಗಂಟಿ ಕಡಿಸಿ, ದಿನಾಂಕ ಕಾಣುವಂತೆ ಒಂದು ಫೋಟೊ ತೆಗೆಸಿಟ್ಟುಕೊಳ್ಳಬೇಕು. ಕಂದಾಯವನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶೇ 5 ರಿಯಾಯಿತಿ ಸಿಗುತ್ತದೆ. ಅದೇ ದಿನ ಕಾವೇರಿ ತಾಣದಲ್ಲಿ ಹಿಂದಿನ ಒಂದು ವರ್ಷದ ಇಸಿ ತೆಗೆದು ನೋಡಿ, ನಿಮಗೆ ಗೊತ್ತಿಲ್ಲದ ಯಾವ ವ್ಯವಹಾರವೂ ನಿಮ್ಮ ಸೈಟಿನ ಮೇಲೆ ನಡೆದಿಲ್ಲ ಎಂದು ಖಚಿತ ಮಾಡಿಕೊಂಡು, ರಸೀದಿಯ ಜೊತೆಗೇ ಪಿನ್ ಮಾಡಿಡಿ.